ಸ್ಕ್ಯಾನಿಂಗ್ ಯಂತ್ರಕ್ಕೆ ಸ್ಕ್ಯಾನಿಂಗ್ ಮಾಡೋರು ಯಾರು?

ಕೊಳ್ಳೇಗಾಲದ ಸಂತೆಯಲ್ಲಿ ಈರುಳ್ಳಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದು ಸಲ ಸೀಲು ಬೀಳಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಸರಿಯಾದ ತೂಕ ಗೊತ್ತಿರುವ ಕಲ್ಲೊಂದನ್ನು ತಟ್ಟೆಯ ಮೇಲಿಟ್ಟು, ಯಂತ್ರ ಅಷ್ಟೇ ತೂಕ ತೋರಿಸುತ್ತಾ ಅಂತ ನೋಡಿ ಮುದ್ರೆ ಹಾಕುತ್ತಾರೆ. ಮುದ್ರೆ ಇಲ್ಲದೆ ವ್ಯಾಪಾರ ಮಾಡಿ ಸಿಕ್ಕಿಬಿದ್ದರೆ ದಂಡ.

ಅದೇ ಸೀಮೆಯ ರೇಷ್ಮೆ ವಿಚಾರಕ್ಕೆ ಬನ್ನಿ. ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ, ಪೆಬ್ರಿನ್ ರೋಗದ ಕಣ ಇದೆಯಾ ಅಂತ. ಇದ್ದರೆ ಆ ಮೊಟ್ಟೆಯನ್ನು ನಾಶ ಮಾಡುತ್ತಾರೆ. ಇಲ್ಲದಿದ್ದರೆ 'ರೋಗರಹಿತ ಮೊಟ್ಟೆ' ಅಂತ ರೈತನ ಕೈಗೆ ಬರುತ್ತೆ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉಳಿಸೋಕೆ ಕಂಡುಕೊಂಡ ಈ ದಾರಿ ಇವತ್ತಿಗೂ ನಮ್ಮ ಹಿಪ್ಪುನೇರಳೆ ತೋಟಗಳನ್ನು ಕಾಯುತ್ತಿದೆ.

ಈರುಳ್ಳಿಗೆ ಪರೀಕ್ಷೆ ಇದೆ. ಹುಳಕ್ಕೆ ಪರೀಕ್ಷೆ ಇದೆ. ಹನೂರಿನ ಕಾಡಂಚಿಂದ ಬಸ್ಸು ಹತ್ತಿ ಬಂದ ಐದು ತಿಂಗಳ ಬಸುರಿಯ ಹೊಟ್ಟೆ ಮೇಲೆ ಇಡುವ ಸ್ಕ್ಯಾನಿಂಗ್ ಪ್ರೋಬ್ ನೆಟ್ಟಗೆ ನೋಡ್ತಾ ಇದೆಯಾ ಅಂತ ನಿಗದಿತ ಅವಧಿಗೊಮ್ಮೆ ಪರೀಕ್ಷೆ ಮಾಡಿ ಗೋಡೆಗೆ ಅಂಟಿಸಿ ಎಂದು ಹೇಳುವ ಕಾನೂನು ಮಾತ್ರ ನಮ್ಮಲ್ಲಿಲ್ಲ. ತಮಾಷೆ ಅಂದ್ರೆ, ಈ ಪರೀಕ್ಷೆಗೆ ಬೇಕಾದ ಮುಖ್ಯ ವಸ್ತು ನಿಮ್ಮ ಅಡುಗೆಮನೆಯ ಡಬ್ಬದಲ್ಲೇ ಇರಬಹುದು. ಚೈನಾ ಗ್ರಾಸ್. ಫಲೂದಾಕ್ಕೋ ಪುಡ್ಡಿಂಗಿಗೋ ಹಾಕ್ತೀವಲ್ಲ, ಅದೇ. ಅಂಗಡಿಯಲ್ಲಿ ಚೈನಾ ಗ್ರಾಸ್, ಲ್ಯಾಬಿನಲ್ಲಿ ಅಗಾರ್.

ವೈದ್ಯಕೀಯ ಇಮೇಜಿಂಗ್‌ನಲ್ಲಿ 'ಫ್ಯಾಂಟಮ್' ಅಂತ ಒಂದು ವಸ್ತು ಇದೆ. ಕಾಮಿಕ್ಸಿನ ಮುಖವಾಡದ ಹೀರೋ ಅಲ್ಲ, ದೆವ್ವಾನೂ ಅಲ್ಲ. ಮನುಷ್ಯನ ಮಾಂಸದ ಬದಲಿಗೆ ಯಂತ್ರದ ಮುಂದೆ ಇಡುವ ಒಂದು ಗಟ್ಟಿ ಜೆಲ್ಲಿಯ ಗಡ್ಡೆ. ಹೊಟ್ಟೆಗೆ ತಣ್ಣಗೆ ಹಚ್ಚುತ್ತಾರಲ್ಲ, ಆ ಜೆಲ್ಲಿ ಬೇರೆ. ಇದು ಡಬ್ಬಿಯಲ್ಲಿ ಹೆಪ್ಪುಗಟ್ಟಿರುವ ಜೆಲ್ಲಿ. ಇದರೊಳಗೆ ಎಲ್ಲೆಲ್ಲಿ ಏನೇನಿದೆ ಅಂತ ಮಾಡಿದವರಿಗೆ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿರುತ್ತೆ. ಪರದೆಯ ಮೇಲೆ ಅದು ಹಾಗೇ ಕಂಡರೆ ಯಂತ್ರ ಸರಿ ಇದೆ. ಕಾಣದಿದ್ದರೆ ತಪ್ಪು ಯಂತ್ರದ್ದೇ, ಯಾಕಂದ್ರೆ ಜೆಲ್ಲಿ ಉಸಿರಾಡಲ್ಲ, ಮಿಸುಕಾಡಲ್ಲ, 'ನಿಮ್ಮ ಹೊಟ್ಟೇಲಿ ಕೊಬ್ಬು ಜಾಸ್ತಿ ಕಣಮ್ಮ, ಅದಕ್ಕೇ ಕಾಣಿಸ್ತಿಲ್ಲ' ಅಂತ ಅದಕ್ಕೆ ಹೇಳೋಕೂ ಆಗಲ್ಲ.

ತಕ್ಕಡಿಗೆ ತೂಕದ ಕಲ್ಲು ಹೇಗೋ ಸ್ಕ್ಯಾನಿಂಗ್ ಯಂತ್ರಕ್ಕೆ ಫ್ಯಾಂಟಮ್ ಹಾಗೆ.

ಇದರ ಒಳಗುಟ್ಟು ಸ್ವಲ್ಪ ನೋಡೋಣ, ಯಾಕಂದ್ರೆ 'ಅದೆಲ್ಲ ನಮ್ಮ ಕೈಲಿ ಆಗೋ ಕೆಲಸ ಅಲ್ಲ' ಅನ್ನುವ ನೆಪ ಬರೋದು ಇಲ್ಲಿಂದಲೇ. ಅಲ್ಟ್ರಾಸೌಂಡ್ ಯಂತ್ರ ಶಬ್ದ ಕಳಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುತ್ತೆ. ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅನ್ನೋದರ ಮೇಲೆ ಅದು ಎಷ್ಟು ಆಳದಿಂದ ಬಂತು ಅಂತ ಲೆಕ್ಕ ಹಾಕುತ್ತೆ. ಈ ಲೆಕ್ಕದಲ್ಲಿ ಯಂತ್ರ ಒಂದು ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಿರುತ್ತೆ: ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್. ಬರೀ ನೀರಿನಲ್ಲಿ, 20 ಡಿಗ್ರಿ ಬಿಸಿಯಲ್ಲಿ, ಆ ವೇಗ ಸುಮಾರು 1480. ಹಾಗಾಗಿ ಬಕೆಟ್ಟಿನ ನೀರಲ್ಲಿ ಪ್ರೋಬ್ ಅದ್ದಿ ಪರೀಕ್ಷೆ ಮಾಡಿದರೆ ಅಳತೆ ಶೇಕಡ 4ರಷ್ಟು ತಪ್ಪುತ್ತೆ. ನೀರಿಗೆ ಗ್ಲಿಸರಿನ್ ಬೆರೆಸಿದರೆ ವೇಗ ಏರುತ್ತೆ. ಅಗಾರ್ ಹಾಕಿ ಕುದಿಸಿ ಆರಿಸಿದರೆ ನಿಲ್ಲುತ್ತೆ. ಮಾಂಸದ ಹಾಗೆ ಶಬ್ದ ಚದುರಬೇಕು, ಕುಂದಬೇಕು ಅಂದ್ರೆ ಒಂದಿಷ್ಟು ನುಣ್ಣನೆ ಪುಡಿ ಬೇಕು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ಮ್ಯಾಡ್ಸನ್ ಮತ್ತು ಸಂಗಡಿಗರು 1978ರಲ್ಲೇ ಜೆಲಟಿನ್ನಿಗೆ ಗ್ರಾಫೈಟ್ ಪುಡಿ ಬೆರೆಸಿ ಇದನ್ನು ಮಾಡಿ ತೋರಿಸಿದರು. ಗ್ರಾಫೈಟ್ ಅಂದ್ರೆ ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತಲ್ಲ, ಅದೇ ಕಪ್ಪು ವಸ್ತು. ಆಮೇಲೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾದ ಒಂದು ಪಾಕ ಬಂತು. ನೀರು ಸುಮಾರು 83 ಪಾಲು, ಗ್ಲಿಸರಿನ್ 11 ಪಾಲು, ಅಗಾರ್ 3 ಪಾಲು, ಉಳಿದದ್ದು ಅಲ್ಯೂಮಿನಿಯಂ ಆಕ್ಸೈಡ್, ಸಿಲಿಕಾನ್ ಕಾರ್ಬೈಡ್ ಪುಡಿಗಳು ಮತ್ತು ಬೂಸ್ಟು ಹಿಡಿಯದ ಹಾಗೆ ಒಂದು ಚೂರು ಔಷಧ. ಇನ್ನೂ ಸರಳವಾದ ಪಾಕಗಳಿವೆ. ಸೂಜಿ ಹಾಕೋದನ್ನ ಕಲಿಯುವ ವೈದ್ಯ ವಿದ್ಯಾರ್ಥಿಗಳಿಗೆ ಜೆಲಟಿನ್ನಿಗೆ ಇಸಬ್‌ಗೋಲ್ ಬೆರೆಸಿ ಫ್ಯಾಂಟಮ್ ಮಾಡಿಕೊಡುವ ಪದ್ಧತಿ ಹಲವು ಕಡೆ ಇದೆ. ಹೌದು, ಮಲಬದ್ಧತೆಗೆ ರಾತ್ರಿ ನೀರಲ್ಲಿ ಕದಡಿ ಕುಡಿಯೋ ಇಸಬ್‌ಗೋಲ್.

ನಮ್ಮ ಕಡೆಗೆ ಅಗಾರೇ ಸರಿ. ಜೆಲಟಿನ್ 30–35 ಡಿಗ್ರಿ ಬಿಸಿಗೇ ಕರಗಲು ಶುರುವಾಗುತ್ತೆ. ಏಪ್ರಿಲ್ ತಿಂಗಳ ಹನೂರಿನಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿಟ್ಟರೆ ಸಂಜೆ ಹೊತ್ತಿಗೆ ಸಾರಾಗಿರುತ್ತೆ. ಅಗಾರ್ ಒಂದು ಸಲ ಹೆಪ್ಪುಗಟ್ಟಿದರೆ ಮತ್ತೆ ಕರಗೋಕೆ ಸುಮಾರು 85 ಡಿಗ್ರಿ ಬೇಕು. ಇದನ್ನು ವಿಜ್ಞಾನಿಗಳಿಗೆ ಹೇಳಿಕೊಟ್ಟಿದ್ದೇ ಅಡುಗೆಮನೆ. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲಟಿನ್ ಬೇಸಿಗೆಯಲ್ಲಿ ಕರಗಿ ಹೋಗ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ ಹೆಸ್ಸೆ, 'ನಾನು ಜಾಮು, ಪುಡ್ಡಿಂಗಿಗೆ ಅಗಾರ್ ಹಾಕ್ತೀನಿ, ಬೇಸಿಗೆಯಲ್ಲೂ ನಿಲ್ಲುತ್ತೆ' ಎಂಬ ಗುಟ್ಟನ್ನು ಕೊಟ್ಟರು. ಆಕೆಗೆ ಅದು ಗೊತ್ತಾಗಿದ್ದು ಜಾವಾದಲ್ಲಿ ಇದ್ದು ಬಂದ ಒಬ್ಬ ನೆರೆಯವರಿಂದ. ಬಿಸಿ ದೇಶದ ಅಡುಗೆಯ ತಿಳಿವಳಿಕೆಯೇ ಸೂಕ್ಷ್ಮಜೀವಿಶಾಸ್ತ್ರಕ್ಕೆ ಅಡಿಪಾಯ ಹಾಕಿತು. ನಮ್ಮ ಪಕ್ಕದ ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಹೆಂಗಸರು ಮುಳುಗಿ ಕಿತ್ತು ತರುವ ಪಾಚಿಯಿಂದಲೂ ಅಗಾರ್ ತಯಾರಾಗುತ್ತೆ. ಅಂದ್ರೆ ವಿದೇಶದಿಂದ ಹಡಗಿನಲ್ಲಿ ಬರಬೇಕಾದ ಸಾಮಾನೇನೂ ಅಲ್ಲ.

ಮಾಡುವ ವಿಧಾನ? ಹಾಲುಬಾಯಿ ಮಾಡಿದವರಿಗೆ ಅರ್ಧ ಗೊತ್ತು. ಪುಡಿ ತಳಕ್ಕೆ ಇಳಿಯದ ಹಾಗೆ ತಿರುವುತ್ತಾ ಆರಿಸಬೇಕು, 45–50 ಡಿಗ್ರಿಗೆ ಬಂದಾಗ ಡಬ್ಬಿಗೆ ಹುಯ್ಯಬೇಕು. ಗುಳ್ಳೆ ಉಳಿಯಬಾರದು, ಒಂದು ಗುಳ್ಳೆ ಪರದೆ ಮೇಲೆ ಇಲ್ಲದ ಕಲ್ಲಿನ ಹಾಗೆ ಬೆಳ್ಳಗೆ ಹೊಳೆಯುತ್ತೆ. ಹುಯ್ಯೋಕೆ ಮುಂಚೆ ಡಬ್ಬಿಗೆ ಅಡ್ಡಡ್ಡ ಗಾಳದ ನೈಲಾನ್ ದಾರವನ್ನು ಸೆಂಟಿಮೀಟರಿಗೊಂದರಂತೆ ಬಿಗಿದಿರಬೇಕು. ಪರದೆಯಲ್ಲಿ ಅವು ಚುಕ್ಕಿಗಳಾಗಿ ಕಾಣುತ್ತವೆ, ನಡುವಿನ ಅಂತರ ಅಳೆದು ನೋಡಬಹುದು. ಪುಡಿ ಬೆರೆಸದ ಬರೀ ಜೆಲ್ಲಿಯ ಒಂದು ಉಂಡೆ ಒಳಗಿಟ್ಟರೆ ಅದು ನೀರುಗುಳ್ಳೆಯಂತೆ ಕಪ್ಪಗೆ ಕಾಣಬೇಕು. ಬೂದುಬೂದಾಗಿ ಕಂಡರೆ ಯಂತ್ರದ ದೃಷ್ಟಿ ಮಂಜಾಗಿದೆ ಅಂತ ಅರ್ಥ. ಮೇಲೆ ಗಾಳಿ ಆಡದ ಹಾಗೆ ಮುಚ್ಚಿಟ್ಟರೆ ಒಣಗದೆ ತಿಂಗಳುಗಟ್ಟಲೆ ಬರುತ್ತೆ. ಆಮದು ಮಾಡಿದ ಫ್ಯಾಂಟಮ್ಮಿಗೆ ಲಕ್ಷದ ಲೆಕ್ಕ, ಇದಕ್ಕೆ ಸಾವಿರದ ಲೆಕ್ಕ.

ಇಷ್ಟೆಲ್ಲ ಪರೀಕ್ಷೆ ಮಾಡಿ ಸಿಗೋದಾದ್ರೂ ಏನು? ಇಲ್ಲಿ ನೇರವಾಗಿ ಮಾತಾಡೋಣ. ಇವತ್ತಿನ ಡಿಜಿಟಲ್ ಯಂತ್ರಗಳಲ್ಲಿ ದೂರ ಅಳೆಯುವ ಲೆಕ್ಕ ಸುಲಭಕ್ಕೆ ಕೆಡಲ್ಲ. ಕೆಡೋದು ಪ್ರೋಬ್. ಅದರ ಮೂತಿಯಲ್ಲಿ ನೂರಾರು ಪುಟ್ಟ ಹರಳುಗಳು ಸಾಲಾಗಿರುತ್ತವೆ. ಕೈಜಾರಿ ನೆಲಕ್ಕೆ ಬಿದ್ದರೆ, ವೈರು ಕುರ್ಚಿ ಚಕ್ರಕ್ಕೆ ಸಿಕ್ಕಿದರೆ, ಹೇಳಬಾರದ ದ್ರಾವಣದಲ್ಲಿ ಒರೆಸಿ ಒರೆಸಿ ಪೊರೆ ಬಿಟ್ಟುಕೊಂಡರೆ ಕೆಲವು ಹರಳು ಸಾಯುತ್ತವೆ. ಯಂತ್ರ ಆನ್ ಆಗುತ್ತೆ, ಚಿತ್ರ ಬರುತ್ತೆ, ಪ್ರಿಂಟೂ ಬರುತ್ತೆ. ಆದರೆ ಚಿತ್ರದ ಒಂದು ಪಟ್ಟಿ ಮಬ್ಬಾಗಿರುತ್ತೆ. ದೇಹದ ಮೇಲೆ ನೋಡುವಾಗ ಅದು ಗೊತ್ತಾಗೋದು ಕಷ್ಟ, ಕೈ ಆಡ್ತಾ ಇರುತ್ತೆ, ಮಗು ಆಡ್ತಾ ಇರುತ್ತೆ. ಸುಮ್ಮನೆ ಕೂತ ಜೆಲ್ಲಿಯ ಮೇಲೆ ಇಟ್ಟರೆ ಕಪ್ಪು ಗೆರೆ ಎದ್ದು ಕಾಣುತ್ತೆ.

ಇದು ಎಲ್ಲೋ ಒಂದು ಅಪರೂಪಕ್ಕೆ ಆಗುವ ಕಥೆ ಅಂದುಕೊಳ್ಳಬೇಡಿ. ಸ್ವೀಡನ್ನಿನಲ್ಲಿ 32 ಆಸ್ಪತ್ರೆಗಳಲ್ಲಿ ದಿನಾ ಬಳಕೆಯಲ್ಲಿದ್ದ 676 ಪ್ರೋಬ್‌ಗಳನ್ನು ಪರೀಕ್ಷೆ ಮಾಡಿದರು. 2009ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಸುಮಾರು ಶೇಕಡ 40ರಷ್ಟು ಪ್ರೋಬ್‌ಗಳಲ್ಲಿ ಒಂದಲ್ಲ ಒಂದು ದೋಷ. ಸ್ವೀಡನ್! ಧೂಳಿಲ್ಲ, ಕರೆಂಟು ಹೋಗಿ ಬರೋದಿಲ್ಲ, ದಿನಕ್ಕೆ ನೂರು ಜನ ಕ್ಯೂ ನಿಲ್ಲೋದಿಲ್ಲ. ಅಲ್ಲೇ ಹಾಗಾದರೆ ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿರಬಹುದು? ಸಂಖ್ಯೆ ಹೇಳಬೇಕಾದರೆ ಮೊದಲು ಯಾರಾದರೂ ಅಳೆಯಬೇಕು. ಅಳೆಯಿರಿ ಅಂತ ಕೇಳೋದಕ್ಕೇ ಈ ಬರಹ.

ನೀವು ಸಾಫ್ಟ್‌ವೇರ್‌ನವರಾದರೆ ಇದನ್ನು ನಿಮ್ಮ ಭಾಷೆಯಲ್ಲೇ ಹೇಳಬಹುದು. ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್ನಿಗೆ ಹಾಕಿದ್ರೆ ಟೀಂ ಲೀಡ್ ಹತ್ತಿರ ಬೈಸಿಕೊಳ್ತೀರಿ. ಫುಡ್ ಡೆಲಿವರಿ ಆ್ಯಪಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾದರೂ ಹತ್ತು ಟೆಸ್ಟ್ ಓಡಬೇಕು. ಇಲ್ಲಿ ಟೆಸ್ಟ್ ಎನ್ವಿರಾನ್‌ಮೆಂಟೇ ಇಲ್ಲ, ನೇರ ಪ್ರೊಡಕ್ಷನ್. ಆ ಪ್ರೊಡಕ್ಷನ್ ಅಂದ್ರೆ ಯಳಂದೂರಿನ ಒಬ್ಬ ಹೆಂಗಸಿನ ಹೊಟ್ಟೆ. ಬಗ್ ರಿಪೋರ್ಟ್ ಬರುವ ಹೊತ್ತಿಗೆ ಹೆರಿಗೆ ಆಗಿರುತ್ತೆ.

ಯಾರೂ ಈ ಯಂತ್ರಗಳ ಮೇಲೆ ಕಣ್ಣಿಟ್ಟಿಲ್ಲವಾ ಅಂದ್ರೆ, ಇಟ್ಟಿದ್ದಾರೆ. ಅವರವರ ಕಣ್ಣು ಅವರವರ ಕೆಲಸದ ಮೇಲೆ. ಎಕ್ಸ್‌ರೇ, ಸಿಟಿ ಯಂತ್ರಗಳು ಅಣುಶಕ್ತಿ ನಿಯಂತ್ರಣ ಮಂಡಳಿಯ ಕೆಳಗೆ ಬರುತ್ತವೆ. ಅವುಗಳಿಗೆ ಎರಡು ವರ್ಷಕ್ಕೊಮ್ಮೆ ಗುಣಮಟ್ಟ ಪರೀಕ್ಷೆ ಆಗಬೇಕು. ಯಾಕಂದ್ರೆ ಅವು ವಿಕಿರಣ ಸೂಸುತ್ತವೆ. ಅಲ್ಟ್ರಾಸೌಂಡ್ ವಿಕಿರಣ ಸೂಸಲ್ಲ, ಹಾಗಾಗಿ ಮಂಡಳಿಗೆ ಸಂಬಂಧ ಇಲ್ಲ. ಒಳ್ಳೇದೇ. ಆದರೆ ಯಂತ್ರ ಮೈಗೆ ಕಿರಣ ಬಿಡದೇ ಇದ್ದರೂ ಸುಳ್ಳು ಚಿತ್ರ ತೋರಿಸಿ ಹಾನಿ ಮಾಡಬಲ್ಲದು ಅನ್ನೋದು ಯಾರ ಖಾತೆಗೂ ಸೇರಿಲ್ಲ.

ಇನ್ನು 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ ಬೇಕು, ಪ್ರತಿ ಗರ್ಭಿಣಿಗೂ ಎಫ್ ಫಾರಂ ತುಂಬಬೇಕು, 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ' ಅನ್ನೋ ಬೋರ್ಡು ಗೋಡೆ ಮೇಲಿರಬೇಕು. ಈ ಕಾವಲು ಬೇಕೇ ಬೇಕು. 2023ರಲ್ಲಿ ಪಕ್ಕದ ಮಂಡ್ಯದಲ್ಲಿ ಒಂದು ಆಲೆಮನೆಯೊಳಗೆ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿದ್ದನ್ನು ಮರೆಯೋ ಹಾಗಿಲ್ಲ. ನನ್ನ ತಕರಾರು ಬೇರೆ. ಯಂತ್ರ ಏನನ್ನು ನೋಡಬಾರದು ಅಂತ ಕಾಯೋಕೆ ಕಾಯ್ದೆ, ಫಾರಂ, ಸಮಿತಿ, ಬೋರ್ಡು ಎಲ್ಲ ಇದೆ. ನೋಡಬೇಕಾದ್ದನ್ನು ನೋಡ್ತಾ ಇದೆಯಾ ಅಂತ ಕೇಳೋಕೆ ಒಂದು ಸಾಲೂ ಇಲ್ಲ. ಹೆಣ್ಣುಮಗು ಉಳೀಲಿ ಅಂತ ಇಷ್ಟು ಕಾಳಜಿ ಮಾಡುವ ಸರ್ಕಾರ, ಆ ಮಗುವಿನ ಬೆನ್ನುಹುರಿ, ಹೃದಯದ ಕವಾಟ ಸರಿಯಾಗಿ ಕಾಣಲಿ ಅಂತಲೂ ಕಾಳಜಿ ಮಾಡಬೇಡವಾ?

ಮೂರನೆಯದು, ಸರ್ಕಾರಿ ಆಸ್ಪತ್ರೆಗಳ ಯಂತ್ರ ನಿರ್ವಹಣೆಗೆ 2015ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ. ಕೆಟ್ಟು ಮೂಲೆ ಸೇರುತ್ತಿದ್ದ ಯಂತ್ರಗಳನ್ನು ಎಬ್ಬಿಸಿ ನಿಲ್ಲಿಸುವುದು ಅದರ ಗುರಿ, ಅಗತ್ಯವಾದ ಕೆಲಸ. ಅದರ ಮುಖ್ಯ ಅಳತೆಗೋಲು 'ಅಪ್‌ಟೈಮ್'. ಸರ್ವರ್ ಅಪ್ ಇದೆಯಾ ಅಂತ ನೋಡೋ ಹಾಗೆ. ಆದರೆ ಅಪ್ ಇರುವ ಸರ್ವರ್ ತಪ್ಪು ಡೇಟಾ ಕಳಿಸುತ್ತಿದ್ದರೆ ಅದು ಡೌನ್ ಇರೋದಕ್ಕಿಂತ ಅಪಾಯ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಕೆಟ್ಟು ನಿಂತ ಯಂತ್ರ ಇದ್ದರೆ 'ಕೆಟ್ಟಿದೆ, ಮೈಸೂರಿಗೆ ಹೋಗಿ' ಅಂತಲಾದರೂ ಹೇಳ್ತಾರೆ. ಮಬ್ಬುಗಣ್ಣಿನ ಯಂತ್ರ 'ಎಲ್ಲ ನಾರ್ಮಲ್' ಅಂತ ಬರೆದು ಕಳಿಸುತ್ತೆ.

ಆ 'ನಾರ್ಮಲ್'ಗೆ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಎಷ್ಟು ಬೆಲೆ ಅಂತ ಬೆಂಗಳೂರಲ್ಲಿ ಕೂತವರಿಗೆ ಅಂದಾಜಾಗಲ್ಲ. ಇಲ್ಲಿ ನಮಗೆ ಒಂದು ರಿಪೋರ್ಟ್ ಮೇಲೆ ಅನುಮಾನ ಬಂದರೆ ಎದುರಿನ ರಸ್ತೆಯ ಡಯಾಗ್ನಾಸ್ಟಿಕ್ ಸೆಂಟರಿಗೆ ಹೋಗ್ತೀವಿ, ಇನ್ಶೂರೆನ್ಸ್ ಇದ್ದರೆ ಇನ್ನೊಂದು ಕಡೆಗೂ ಹೋಗ್ತೀವಿ. ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಇಳಿದು ಬರುವ ಸೋಲಿಗ ಹೆಣ್ಣುಮಗಳಿಗೆ ಒಂದು ಸ್ಕ್ಯಾನಿಂಗ್ ಅಂದ್ರೆ ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ಸು, ಊಟ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಂದ ರಸ್ತೆ ಇಲ್ಲದೆ ರೋಗಿಗಳನ್ನು, ಗರ್ಭಿಣಿಯರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿದ್ದೀರಿ? ಹಾಗೆ ಹೊತ್ತು ತಂದವಳಿಗೆ ಎರಡನೇ ಅಭಿಪ್ರಾಯ ಅನ್ನೋದು ಇರಲ್ಲ. ಸಿಗೋದು ಒಂದೇ ಯಂತ್ರ, ಒಂದೇ ಸಲ.

ಕಾಲವೂ ಕಾಯಲ್ಲ. ಮಗುವಿನ ಅಂಗಾಂಗ ದೋಷ ನೋಡುವ ಸ್ಕ್ಯಾನಿಂಗ್ ಸಾಮಾನ್ಯವಾಗಿ 18ರಿಂದ 22 ವಾರದೊಳಗೆ. 2021ರ ತಿದ್ದುಪಡಿಯ ನಂತರವೂ, 24 ವಾರ ದಾಟಿದ ಮೇಲೆ ಗಂಭೀರ ದೋಷ ಗೊತ್ತಾದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. 20ನೇ ವಾರದಲ್ಲಿ ಮಬ್ಬು ಪಟ್ಟಿಯೊಳಗೆ ಅಡಗಿದ್ದು 32ನೇ ವಾರದಲ್ಲಿ ಕಂಡರೆ, ಆ ಕುಟುಂಬದ ಮುಂದೆ ಇದ್ದ ದಾರಿಗಳೆಲ್ಲ ಆಗಲೇ ಮುಚ್ಚುತ್ತಾ ಬಂದಿರುತ್ತವೆ. ಬೇಕಾದ ಕಡೆ ಹೆರಿಗೆ ಮಾಡಿಸುವ ಸಿದ್ಧತೆಗೂ ಸಮಯ ಉಳಿದಿರಲ್ಲ.

ಈಗ ಎದುರುವಾದಗಳು. ಮೊದಲನೆಯದು ಡಾಕ್ಟರುಗಳಿಂದ ಬರುತ್ತೆ: 'ಸ್ಕ್ಯಾನಿಂಗ್ ಮಾಡೋಕೇ ರೇಡಿಯಾಲಜಿಸ್ಟ್ ಇಲ್ಲ, ನೀವು ಜೆಲ್ಲಿ ವಿಷಯ ಮಾತಾಡ್ತೀರಾ?' ರೇಡಿಯಾಲಜಿಸ್ಟ್ ಕೊರತೆ ನಿಜ. ಆದರೆ ಕೊರತೆ ಇರುವ ಕಡೆಯೇ ಫ್ಯಾಂಟಮ್ ಹೆಚ್ಚು ಬೇಕು. ಇಪ್ಪತ್ತು ವರ್ಷ ಅನುಭವ ಇರೋರು ಚಿತ್ರ ನೋಡಿ 'ಈ ಪ್ರೋಬ್ ಸರಿ ಇಲ್ಲ ಕಣ್ರೀ' ಅಂತ ಪಕ್ಕಕ್ಕಿಡಬಲ್ಲರು. ತರಬೇತಿ ಮುಗಿಸಿ ಹೊಸದಾಗಿ ಬಂದವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಚಿತ್ರ ಇಂಟರ್‌ನೆಟ್ಟಿನಲ್ಲಿ ಹೋಗಿ ಇನ್ನೊಂದು ಊರಿನಲ್ಲಿ ಓದುವವರ ಮುಂದೆ ಬಿದ್ದರೆ, ಆ ಕಪ್ಪು ಗೆರೆ ರೋಗಿಯದೋ ಯಂತ್ರದ್ದೋ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಮತ್ತೆ 'ಎಐ ಓದುತ್ತೆ ಬಿಡಿ' ಅನ್ನೋರಿಗೆ ಒಂದು ಮಾತು: ಒಳ್ಳೆ ಯಂತ್ರದ ಚಿತ್ರ ನೋಡಿ ಕಲಿತ ಎಐ ಕೆಟ್ಟ ಪ್ರೋಬಿನ ಚಿತ್ರದ ಮುಂದೆ ತಡವರಿಸದೇ ಉತ್ತರ ಕೊಡುತ್ತೆ. ಅದೇ ಭಯ.

ಎರಡನೆಯದು ಎಂಜಿನಿಯರುಗಳಿಂದ: 'ಮನೆಯಲ್ಲಿ ಕಾಸಿದ ಜೆಲ್ಲಿಗೆ ಏನು ಪ್ರಮಾಣ? ಇದು ವೈದ್ಯಕೀಯ ರೀ.' ಒಳ್ಳೆ ಪ್ರಶ್ನೆ. ಒಂದು ಬ್ಯಾಚಿನ ಜೆಲ್ಲಿ ಇನ್ನೊಂದರ ಹಾಗೆ ಇರಲ್ಲ, ಬಿಸಿ ಬದಲಾದರೆ ಅದರೊಳಗಿನ ಶಬ್ದದ ವೇಗವೂ ಬದಲಾಗುತ್ತೆ, ಕೋಣೆಯ ಉಷ್ಣಾಂಶ ಬರೆದಿಟ್ಟುಕೊಳ್ಳಲೇಬೇಕು. ಸ್ಥಳೀಯ ಜೆಲ್ಲಿಯನ್ನು ದೇಶದ ಪ್ರಮಾಣ ಅಂತ ಕೂರಿಸಿ ಅಂತ ಯಾರೂ ಹೇಳ್ತಿಲ್ಲ. ಅದರ ಕೆಲಸ ಒಂದೇ: ಹೋದ ತಿಂಗಳ ಚಿತ್ರಕ್ಕೂ ಈ ತಿಂಗಳ ಚಿತ್ರಕ್ಕೂ ವ್ಯತ್ಯಾಸ ಇದೆಯಾ ಅಂತ ತೋರಿಸೋದು. ಯಂತ್ರ ಹೊಸದಾಗಿ ಬಂದ ದಿನ ತೆಗೆದ ಚಿತ್ರ ಗೆರೆ ಎಳೆದ ಹಾಗೆ ಇಟ್ಟುಕೊಂಡು, ಆಮೇಲಿನದನ್ನು ಅದಕ್ಕೆ ಹೋಲಿಸೋದು. ವ್ಯತ್ಯಾಸ ಕಂಡರೆ ಆಗ ದುಬಾರಿ ಫ್ಯಾಂಟಮ್ ಹಿಡಿದ ತಜ್ಞರನ್ನು ಕರೆಸಿ. ಜ್ವರ ಬಂದಿದೆಯಾ ಅಂತ ಹೇಳೋಕೆ ಮನೆಯ ಥರ್ಮಾಮೀಟರ್ ಸಾಕು, ಯಾಕೆ ಬಂತು ಅಂತ ಹೇಳೋಕೆ ಲ್ಯಾಬ್ ಬೇಕು. ಲ್ಯಾಬ್ ಇಲ್ಲ ಅಂತ ಯಾರೂ ಥರ್ಮಾಮೀಟರ್ ಬಿಸಾಕಲ್ಲ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಪರೀಕ್ಷೆ ಮಾಡಿದರೆ ದೋಷ ಸಿಗುತ್ತೆ. ದೋಷ ಸಿಕ್ಕರೆ ಹೊಸ ಪ್ರೋಬ್ ಕೊಳ್ಳಬೇಕು. ಅದಕ್ಕೆ ದುಡ್ಡು ಬೇಕು, ಕಡತ ಏಳಬೇಕು, ಸಹಿ ಬೀಳಬೇಕು, ಅಲ್ಲಿವರೆಗೆ ಕ್ಯೂ ನಿಂತವರಿಗೆ ಉತ್ತರ ಹೇಳಬೇಕು. ಗೊತ್ತಿಲ್ಲದೇ ಇರೋದೇ ಎಲ್ಲರಿಗೂ ಅನುಕೂಲ. ಜೆಲ್ಲಿ ದುಬಾರಿಯಲ್ಲ ನಿಜ, ಆದರೆ ಜೆಲ್ಲಿ ಹೇಳುವ ಸತ್ಯ ದುಬಾರಿ. ಈ ಇಡೀ ವಿಷಯ ಇಷ್ಟು ವರ್ಷ ತಣ್ಣಗಿರೋದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಇದೇ.

ಇದರ ಜೊತೆಗೇ ಇನ್ನೊಂದು ಕೇಳಬೇಕಾದ ಪ್ರಶ್ನೆ ಇದೆ: ಜೆಲ್ಲಿ ಯಾರ ಮೈಯನ್ನು ಅನುಕರಿಸಬೇಕು? ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿಸಿಕೊಳ್ಳಿ. ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿ 2020ರ ಡಿಸೆಂಬರಿನಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಯಂತ್ರ 'ಸರಿ ಇದೆ' ಅಂತ ತೋರಿಸಿದ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು. ಬೆಳಕಿನಿಂದ ನೋಡುವ ಯಂತ್ರಗಳಿಗೂ ಫ್ಯಾಂಟಮ್ ಇದೆ: ಕೊಬ್ಬಿನ ಹಾಲುದ್ರಾವಣಕ್ಕೆ ಕಪ್ಪು ಶಾಯಿ ಬೆರೆಸಿ ಚರ್ಮ, ಮಾಂಸವನ್ನು ಅನುಕರಿಸುತ್ತಾರೆ. ಎಷ್ಟು ಶಾಯಿ ಹಾಕಬೇಕು ಅನ್ನೋದು ಯಾರ ಚರ್ಮವನ್ನು ಮಾದರಿ ಅಂದುಕೊಂಡಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಫ್ಯಾಂಟಮ್ಮನ್ನು ನಾವೇ ಮಾಡಿಕೊಂಡರೆ ಈ ತೀರ್ಮಾನವೂ ನಮ್ಮ ಕೈಗೆ ಬರುತ್ತೆ. ಹನೂರಿನ ಬಿಸಿಲಲ್ಲಿ ದುಡಿದ ಬೆರಳನ್ನೇ ಮಾದರಿ ಮಾಡಿಕೊಳ್ಳಬಹುದು.

ಬೆಂಗಳೂರಿನ ಓದುಗರೇ, ಈ ಮಾತು ನಿಮಗೂ ಸೇರಿದ್ದು. ಜಗತ್ತಿನ ದೊಡ್ಡ ಇಮೇಜಿಂಗ್ ಕಂಪನಿಗಳಾದ ಜಿಇ, ಫಿಲಿಪ್ಸ್, ಸೀಮನ್ಸ್ ಮೂರಕ್ಕೂ ಈ ಊರಿನಲ್ಲಿ ಅಭಿವೃದ್ಧಿ ಕೇಂದ್ರಗಳಿವೆ. ನಿಮ್ಮಲ್ಲಿ ಕೆಲವರ ಬ್ಯಾಡ್ಜು ಅಲ್ಲಿಯದೇ. ಈ ಉದ್ಯಮದಲ್ಲಿ ಫ್ಯಾಂಟಮ್ ಇಲ್ಲದೆ ಒಂದು ಹೊಸ ಪ್ರೋಬ್ ಹೊರಗೆ ಬರಲ್ಲ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕನಕಪುರ, ಮಳವಳ್ಳಿ ದಾಟಿದರೆ ಕೊಳ್ಳೇಗಾಲ. ಬಿಆರ್ ಹಿಲ್ಸ್‌ನಲ್ಲಿ ವೀಕೆಂಡ್ ಕಳೆಯೋಕೆ, ಭರಚುಕ್ಕಿಯ ಮುಂದೆ ಸೆಲ್ಫಿ ತೆಗೆಯೋಕೆ ಆ ದಾರಿ ದೂರ ಅಂತ ಯಾರಿಗೂ ಅನ್ನಿಸಿಲ್ಲ.

ಅದೇ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಹುಟ್ಟಿದ ಕರೆಂಟು ಮೊದಲು ಓಡಿದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಮೂರು ವರ್ಷದ ಮೇಲೆ ಬೆಂಗಳೂರಿನ ಬೀದಿದೀಪಕ್ಕೆ. ಹೊಳೆಯ ಆಚೆ ದಡದ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರವರೆಗೂ ಅಲ್ಲೇ ಇತ್ತು. ಹಾಗಾಗಿ ಆಗಿನವರಿಗೆ 'ಅದು ಬೇರೆ ಸರ್ಕಾರದ ಊರು' ಎಂಬ ನೆಪ ಇತ್ತು. ಈಗ ಒಂದೇ ರಾಜ್ಯ, ಒಂದೇ ಆರೋಗ್ಯ ಇಲಾಖೆ. ಯಂತ್ರ ತಯಾರಿಸುವ ಬುದ್ಧಿ, ಪರೀಕ್ಷಿಸುವ ವಿದ್ಯೆ ಬೆಂಗಳೂರಲ್ಲಿ ರಾಶಿ ಬಿದ್ದಿದೆ, ಮೂರು ಗಂಟೆ ದಾರಿಯ ಊರಿಗೆ ತಲುಪೋದು ಯಂತ್ರ ಮಾತ್ರ. ಸಿಎಸ್‌ಆರ್ ದುಡ್ಡಲ್ಲಿ ಯಂತ್ರ ಕೊಟ್ಟು, ಟೇಪ್ ಕತ್ತರಿಸಿ, ಶಾಲು ಹೊದ್ದು, ಫೋಟೋ ಲಿಂಕ್ಡ್‌ಇನ್‌ಗೆ ಹಾಕಿ ಬರೋದು ಹೆಚ್ಚಿನ ಕಡೆ ನಡೆಯುವ ಪದ್ಧತಿ. ಜೊತೆಗೆ ಒಂದು ಜೆಲ್ಲಿ ಡಬ್ಬಿ, ತಿಂಗಳಿಗೊಂದು ಪರೀಕ್ಷೆ ಮಾಡುವ ಮನುಷ್ಯ, ದೋಷ ಸಿಕ್ಕರೆ ಪ್ರೋಬ್ ಬದಲಿಸುವ ಕರಾರು, ಇವು ಫೋಟೋದಲ್ಲಿ ಚೆನ್ನಾಗಿ ಬರಲ್ಲ ಅಂತ ಬಿಟ್ಟುಬಿಡ್ತೀವಿ.

ಹಾಗಾದರೆ ಏನು ಮಾಡಬೇಕು? ನಾಲ್ಕೇ ಕೆಲಸ.

ಒಂದು, ಸರ್ಕಾರ ಸ್ಕ್ಯಾನಿಂಗ್ ಯಂತ್ರ ಕೊಳ್ಳುವ ಪ್ರತಿ ಟೆಂಡರಿನಲ್ಲೂ ಒಂದು ಫ್ಯಾಂಟಮ್ ಮತ್ತು ಮೊದಲ ದಿನದ ಚಿತ್ರದ ಪ್ರಿಂಟು ಕಡ್ಡಾಯ ಆಗಲಿ. ಯಂತ್ರದ ಬೆಲೆ ಮುಂದೆ ಇದು ಏನೇನೂ ಅಲ್ಲ.

ಎರಡು, ತಿಂಗಳಿಗೊಮ್ಮೆ ಹತ್ತು ನಿಮಿಷ ಪರೀಕ್ಷೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತಲ್ಲ, ಅದರ ಹಿಂದಿನ ದಿನ ಯಂತ್ರದ ತಪಾಸಣೆ ಆಗಲಿ. ಭ್ರೂಣಲಿಂಗದ ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಬೋರ್ಡು: 'ಈ ಯಂತ್ರವನ್ನು ಕೊನೆಯದಾಗಿ ಪರೀಕ್ಷಿಸಿದ ದಿನಾಂಕ'. ಖಾಸಗಿಯವರಿಗೂ ಇದೇ ನಿಯಮ. ಜೆಲ್ಲಿ ಇನ್ನೂ ಬಂದಿಲ್ಲ ಅನ್ನೋರು ಅಲ್ಲಿವರೆಗೆ ಪ್ರೋಬನ್ನು ಒರೆಸಿ, ಒಣಗಿಸಿ, ಗಾಳಿಯಲ್ಲೇ ಹಿಡಿದು ಪರದೆ ನೋಡಬಹುದು. ಮೇಲ್ಭಾಗದ ಪಟ್ಟೆಗಳು ಎಲ್ಲಾದರೂ ತುಂಡಾಗಿದ್ದರೆ ಅಲ್ಲಿ ಹರಳು ಸತ್ತಿರುವ ಅನುಮಾನ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂರು, ಜಿಲ್ಲೆಯಲ್ಲೇ ಫ್ಯಾಂಟಮ್ ಮಾಡುವ ಒಂದು ಲ್ಯಾಬು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊಳ್ಳೇಗಾಲದಲ್ಲಿ ಮಹದೇಶ್ವರ ಕಾಲೇಜಿದೆ. ಪ್ರಾಜೆಕ್ಟ್ ರಿಪೋರ್ಟ್ ಸ್ಪೈರಲ್ ಬೈಂಡಿಂಗ್ ಮಾಡಿಸಿ ಕಪಾಟಿಗೆ ಸೇರಿಸುವ ಬದಲು, ಫೈನಲ್ ಇಯರ್ ಹುಡುಗ ಹುಡುಗಿಯರು ತಮ್ಮ ತಾಲ್ಲೂಕಿನ ಆಸ್ಪತ್ರೆಗೆ ಒಂದು ಡಬ್ಬಿ ಮಾಡಿಕೊಡಲಿ, ಅದರ ಶಬ್ದವೇಗ ಅಳೆದು ಚೀಟಿ ಅಂಟಿಸಲಿ. ಭೌತಶಾಸ್ತ್ರ ಓದಿದ್ದಕ್ಕೂ ಊರಿಗೆ ಒಂದು ಉಪಯೋಗ ಆಗುತ್ತೆ.

ನಾಲ್ಕು, ದೋಷ ಸಿಕ್ಕ ಪ್ರೋಬನ್ನು ಇಷ್ಟು ದಿನದೊಳಗೆ ಬದಲಿಸಬೇಕು ಅಂತ ನಿರ್ವಹಣೆ ಕರಾರಿನಲ್ಲಿ ಬರೆಯಿರಿ. ಇದಿಲ್ಲದೆ ಮೇಲಿನ ಮೂರೂ ನಾಟಕ ಆಗುತ್ತೆ.

ಇದ್ಯಾವುದೂ ತಾನಾಗಿ ಆಗಲ್ಲ. ಇಲಾಖೆಗೆ ಪತ್ರ ಬರೆಯೋರು ಬರೀರಿ, ಸಿಎಸ್‌ಆರ್ ಸಮಿತಿಯಲ್ಲಿ ಕೂರೋರು ಅಲ್ಲಿ ಎತ್ತಿ. ಅಷ್ಟೂ ಆಗದೇ ಇದ್ದರೆ ಒಂದು ಪ್ರಶ್ನೆಯಾದರೂ ಕೇಳಿ. ಮುಂದಿನ ಸಲ ಅಕ್ಕನನ್ನೋ ಅಮ್ಮನನ್ನೋ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದಾಗ, ಬೆಂಗಳೂರಿನ ಏಸಿ ಸೆಂಟರ್ ಆಗಲಿ ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಪಕ್ಕದ ಮಹಡಿ ಆಗಲಿ, ಕೌಂಟರಿನಲ್ಲಿ ಕೇಳಿ: 'ಈ ಯಂತ್ರನ ಕೊನೇ ಸಲ ಯಾವಾಗ ಪರೀಕ್ಷೆ ಮಾಡಿದ್ರಿ? ಯಾವುದರ ಮೇಲೆ?' ಮೊದಲನೆಯವರಿಗೆ ಸಿಗೋದು ಬಹುಶಃ ವಿಚಿತ್ರ ನೋಟ. ಹತ್ತನೆಯವರು ಕೇಳುವ ಹೊತ್ತಿಗೆ ಕೌಂಟರಿನವರು ಒಳಗೆ ಹೋಗಿ ಡಾಕ್ಟರನ್ನು ಕೇಳ್ತಾರೆ. ಐವತ್ತನೆಯವರು ಕೇಳಿದಾಗ ಡಾಕ್ಟರು ಕಂಪನಿಯವರಿಗೆ ಫೋನ್ ಮಾಡ್ತಾರೆ.